ಹಿಂದಿನ ಸೀಟಿನ ಮಾತು

ದೊಡ್ಡಮುನಿಯಪ್ಪ ಸತ್ತು ಏಳು ತಿಂಗಳಾದ ಮೇಲೆ, ಒಂದು ಬೆಳಿಗ್ಗೆ, ಮಗನ ಗಾಡಿಯ ಹಿಂದಿನ ಸೀಟಿನಲ್ಲಿ ಬಂದು ಕೂತ. ಬದುಕಿರುವತನಕ ಆ ಗಾಡಿಯ ಬಾಗಿಲು ಮುಟ್ಟಿದವನಲ್ಲ. ಅಂಥವನು ಸತ್ತ ಮೇಲೆ ತಾನಾಗಿ ಹತ್ತಿ ಕೂತನೆಂದರೆ ಏನನ್ನಬೇಕು, ನೀವೇ ಹೇಳಿ.

ಮಗ ಅನಂತರಾಜು ಆಗ ಕನಕಪುರದ ಕಡೆಯಿಂದ ಮರಳವಾಡಿಗೆ ಬರುತ್ತಿದ್ದ. ಗಾಡಿಯಲ್ಲಿ ಅವನೊಬ್ಬನೇ. ಸೀಟುಗಳ ಹಿಂದೆ ಚಾಕಿ ಹುಳುವಿನ ಟ್ರೇಗಳಿದ್ದವು. ಮೊಟ್ಟೆಯೊಡೆದು ಹತ್ತು ದಿನವೂ ತುಂಬದ ರೇಷ್ಮೆ ಹುಳುಗಳನ್ನು ಸಾಕಾಣಿಕೆ ಕೇಂದ್ರದಿಂದ ತಂದು ರೈತರ ಮನೆಗೆ ಮುಟ್ಟಿಸುವುದು ಅವನ ಈಗಿನ ಕಸುಬು. ಹುಳುಗಳೋ ಮಹಾ ನಾಜೂಕು. ಬಿಸಿಲಾಗದು, ಒಣ ಗಾಳಿಯಾಗದು, ಬೀಡಿ ವಾಸನೆಯಂತೂ ಆಗಲೇ ಆಗದು. ಅದಕ್ಕೇ ಟ್ರೇಗಳ ಮೇಲೆ ಒದ್ದೆ ಗೋಣಿತಾಟು ಹೊದಿಸಿ, ಎಲ್ಲ ಕಿಟಕಿಗಳನ್ನೂ ಏರಿಸಿ, ಸೆಕೆಯಲ್ಲಿ ಬೆವರುತ್ತಲೇ ಗಾಡಿ ಓಡಿಸಬೇಕು. ಈ ಸೀಮೆಯಲ್ಲಿ ಹುಳು ಸಾಗಿಸುವವರೆಲ್ಲ ಮಾಡುವುದು ಹಾಗೆಯೇ.

ಹುಣಸೆ ಮರಗಳ ಸಾಲು ದಾಟುವಾಗ ಅನಂತರಾಜುವಿಗೆ ತಲೆ ಭಾರವಾಯಿತು. ಹಣೆಯ ಎರಡೂ ಪಕ್ಕ ಯಾರೋ ಬೆರಳಿಟ್ಟು ಅದುಮಿದ ಹಾಗೆ. ಕನ್ನಡಿ ನೋಡಿದ. ಹಿಂದಿನ ಸೀಟಿನಲ್ಲಿ ಅಪ್ಪ ಕೂತಿದ್ದ. ಹೆಗಲ ಮೇಲೆ ಟವೆಲ್ಲು, ಮೊಣಕಾಲ ಮೇಲೆ ಎರಡೂ ಕೈ. ಮುಖ ಕಿಟಕಿಯ ಆಚೆಗೆ. ಯಾರದೋ ಹೊಲದ ರಾಗಿ ಪೈರು ಹೇಗಿದೆಯೆಂದು ನೋಡುತ್ತಿದ್ದ.

ಅನಂತರಾಜು ಬ್ರೇಕ್ ತುಳಿದ. ಗಾಡಿ ನಿಲ್ಲಿಸಿ, ಇಳಿದು, ಹಿಂದಿನ ಬಾಗಿಲು ತೆಗೆದ. ಸೀಟು ಖಾಲಿ. ರಸ್ತೆಯ ಮಗ್ಗುಲಲ್ಲಿ ನಿಂತು ಹತ್ತು ಸಲ ಉಸಿರೆಳೆದುಕೊಂಡ. ಆಮೇಲೆ, ನಾಚಿಕೆ ಬಿಟ್ಟು, ನಲವತ್ತೆರಡು ವರ್ಷದ ಗಂಡಸು ಅಲ್ಲೇ ಅತ್ತ. ಹೆದರಿ ಅತ್ತದ್ದಲ್ಲ. ಅಪ್ಪ ಈ ಸಲವೂ ತನ್ನ ಕಡೆ ತಿರುಗಿ ನೋಡಲಿಲ್ಲವಲ್ಲ ಎಂದು ಅತ್ತ.

ಈ ಅಪ್ಪ ಮಗನ ನಡುವೆ ಇದ್ದದ್ದು ಒಂದು ಹೆಬ್ಬೆಟ್ಟು. ಹಾರೋಹಳ್ಳಿಯ ಸುತ್ತ ಕಾರ್ಖಾನೆಗಳಿಗೆ ಜಮೀನು ಹೋಗುತ್ತಿದ್ದ ಕಾಲ. ಇವರ ಮೂರೆಕರೆ ಹಿಪ್ಪುನೇರಳೆ ತೋಟವೂ ನಕ್ಷೆಯೊಳಗೆ ಬಿತ್ತು. ಮುದುಕ ಕೊಡುವುದಿಲ್ಲವೆಂದ. ಕೋರ್ಟಿಗೆ ಹೋಗುವವರ ಜೊತೆ ನಾನೂ ಹೋಗುತ್ತೇನೆಂದ. ಅನಂತರಾಜುವಿಗೆ ಅಷ್ಟು ಕಾಯುವ ತಾಳ್ಮೆ ಎಲ್ಲಿ? ಮೋಟಾರಿನ ಕರೆಂಟ್ ಅರ್ಜಿ ಎಂದು ಹೇಳಿ ಒಪ್ಪಿಗೆ ಪತ್ರಕ್ಕೆ ಅಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡ. ಹೆಬ್ಬೆರಳಿಗೆ ಮಸಿ ಹಚ್ಚಿದವನೂ ಅವನೇ, ಆಮೇಲೆ ಟವೆಲ್ಲಿನಲ್ಲಿ ಒರೆಸಿದವನೂ ಅವನೇ. ಬಂದ ದುಡ್ಡಿನಲ್ಲಿ ಮನೆಗೆ ತಾರಸಿಯಾಯಿತು, ಬಾಗಿಲಿಗೆ ಈ ಬಿಳಿ ಡೀಸೆಲ್ ಗಾಡಿ ಬಂತು. ಹೊಳೆಯುವ, ಎತ್ತರದ, ಊರೇ ತಿರುಗಿ ನೋಡುವ ಗಾಡಿ.

ವಿಷಯ ತಿಳಿದ ದಿನದಿಂದ ದೊಡ್ಡಮುನಿಯಪ್ಪ ಮಗನ ಜೊತೆ ಮಾತು ಬಿಟ್ಟ. ಬೈಯಲಿಲ್ಲ, ಕೂಗಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಏನಿದ್ದರೂ ಹೆಂಡತಿ ವೆಂಕಟಲಕ್ಷ್ಮಮ್ಮನ ಕಡೆ ತಿರುಗಿ ಹೇಳುತ್ತಿದ್ದ. "ಏನಮ್ಮೀ, ಅವನಿಗೆ ಹೇಳು, ಹಸಾ ಹಿಡ್ಕೊಂಡು ಬರ್ಲಿ." "ಏನಮ್ಮೀ, ಅವನಿಗೆ ಹೇಳು, ಆ ಗಾಡಿ ನಾನ್ ಹತ್ತಲ್ಲ." ಅನಂತರಾಜು ಎದುರಿಗೇ ನಿಂತಿರುತ್ತಿದ್ದ. ಆ ಮಹಾತಾಯಿ ಎಲ್ಲವನ್ನೂ ಕೇಳಿಸಿಕೊಂಡು, ಎರಡೇ ಮಾರು ದೂರದಲ್ಲಿ ನಿಂತ ಮಗನಿಗೆ ಮತ್ತೆ ಹೇಳಬೇಕು. ಹನ್ನೊಂದು ತಿಂಗಳು ಆ ಮನೆ ನಡೆದದ್ದು ಹೀಗೆ. ಕೊನೆಗೆ ಎದೆನೋವು ಬಂದಾಗಲೂ ಮುದುಕ ಬಸ್ಸಿನಲ್ಲೇ ಕನಕಪುರದ ಆಸ್ಪತ್ರೆಗೆ ಹೋದ. ಅಲ್ಲೇ ತೀರಿಕೊಂಡ. ಮಲಗಿಸಲು ಜಾಗ ಸಾಲದೆಂದು ಹೆಣವನ್ನು ಇಬ್ಬರು ದಾಯಾದಿಗಳ ನಡುವೆ ಕೂರಿಸಿ ಅನಂತರಾಜು ಇದೇ ಗಾಡಿಯಲ್ಲಿ ಊರಿಗೆ ತಂದ. ತಂದದ್ದು ಆ ಹಿಂದಿನ ಸೀಟಿನಲ್ಲಿ.

ಅವನ ಹೊಟ್ಟೆಯೊಳಗೆ ಉಳಿದಿದ್ದ ಆಸೆ ಒಂದೇ. ಅಪ್ಪ ತನ್ನ ಹೆಸರು ಹಿಡಿದು, ತನ್ನ ಮುಖ ನೋಡಿ, ಒಂದು ಮಾತಾಡಬೇಕಿತ್ತು. ಕ್ಷಮಿಸಿದೆ ಎನ್ನುವುದೇ ಬೇಕಾಗಿರಲಿಲ್ಲ. ಹಾಳಾಗಿ ಹೋಗು ಎಂದಿದ್ದರೂ ಸಾಕಿತ್ತು.

ಎರಡನೇ ಸಲ ಅಪ್ಪ ಬಂದಾಗ ಮಾತಾಡಿದ. ಅದೇ ದಾರಿ, ಅದೇ ತಲೆಭಾರ. ಏರು ಹತ್ತುವಾಗ ಹಿಂದಿನಿಂದ ದನಿ ಬಂತು. "ಏನಮ್ಮೀ, ಅವನಿಗೆ ಹೇಳು, ಗೇರ್ ಇಳಿಸ್ಲಿ. ಇಂಜಿನ್ ಒದ್ದಾಡ್ತಾ ಐತೆ."

ಅನಂತರಾಜು ಗೇರು ಇಳಿಸಿದ. ಸತ್ತವನು ಹೇಳಿದ್ದು ಸರಿಯಾಗಿಯೇ ಇತ್ತು. ಗಾಡಿ ಆ ತಿಂಗಳಿನಿಂದ ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಹಿಂದೆ ಬರುವವರಿಗೆ ರಸ್ತೆಯೇ ಕಾಣದಷ್ಟು ಕರಿ ಹೊಗೆ ಉಗುಳುತ್ತಿತ್ತು. ಆದರೆ ಅವನಿಗೆ ಇಂಜಿನ್ನಿನ ಚಿಂತೆ ಯಾವ ಮೂಲೆಗೆ? ಅಪ್ಪ ಮಾತಾಡಿದ್ದ.

ಹೀಗೆ ನಾಲ್ಕೈದು ಸಲವಾಯಿತು. ಕಿಟಕಿ ತೆರೆದರೆ ಅಪ್ಪ ಇಲ್ಲ, ಮುಚ್ಚಿ ಅರ್ಧ ಗಂಟೆ ಓಡಿಸಿದರೆ ಅಪ್ಪ ಹಾಜರು. ಇದರ ಅರ್ಥವೇನೆಂದು ಅನಂತರಾಜು ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳುವ ಹಾಗೆ ಮಾಡಿದವಳು ಸಿದ್ದಮ್ಮ.

ಸಿದ್ದಮ್ಮ ಪಕ್ಕದ ಹಳ್ಳಿಯ ಹೆಂಗಸು. ಗಂಡನಿಲ್ಲ, ಹುಳು ಮೇಯಿಸಿಯೇ ಎರಡು ಹೆಣ್ಣುಮಕ್ಕಳ ಮದುವೆ ಮಾಡಿದವಳು. ಅವಳ ಹುಳದ ಮನೆಗೆ ಎಣ್ಣೆ ಹಚ್ಚಿದ ತಲೆಯವರನ್ನೂ ಸೇರಿಸುತ್ತಿರಲಿಲ್ಲ. ಅನಂತರಾಜು ಟ್ರೇ ಇಳಿಸಿ ಗೋಣಿತಾಟು ತೆಗೆದಾಗ ಹುಳುಗಳು ತಲೆ ಎತ್ತಲಿಲ್ಲ. ಸೊಪ್ಪು ಹಾಕಿದಳು, ಅಲ್ಲಾಡಲಿಲ್ಲ. ಹತ್ತಿರ ಬಗ್ಗಿ ನೋಡಿದರೆ ಎಲ್ಲವೂ ಹಸಿರು ನೀರು ಕಕ್ಕಿ ಮುರುಟಿಕೊಂಡಿದ್ದವು. ಒಂದು ಟ್ರೇಯಲ್ಲ, ಎಲ್ಲ ಟ್ರೇಗಳಲ್ಲೂ.

"ಗಾಡೀಲಿ ಬೀಡಿ ಸೇದ್ಕೊಂಡ್ ಬಂದ್ಯೇನ್ಲಾ?" ಸಿದ್ದಮ್ಮ ಸೊಂಟಕ್ಕೆ ಕೈಯಿಟ್ಟಳು.

"ನಿನ್ನಾಣೆ ಇಲ್ಲ ಕಣಕ್ಕ. ನಾನ್ ಬೀಡಿ ಮುಟ್ಟಿ ಹತ್ತೊರ್ಷ ಆಯ್ತು."

"ಮತ್ತೆ ಇವೆಂಗ್ಲಾ ಸತ್ತೋದೊ? ಹೊಗೆ ಕುಡ್ಸಿದಂಗೆ ಸತ್ತವೆ ಕಣ್ಲಾ. ನಿನ್ ಮೂತಿ ನೋಡ್ದ್ರೆ ನಿಂಗೂ ಕುಡ್ಸಿರಂಗೈತೆ. ತುಟಿ ನೋಡ್ಕೊ ಓಗು ಕನ್ನಡೀಲಿ!" ಸಿದ್ದಮ್ಮ ಸತ್ತ ಹುಳುಗಳ ಮುಂದೆ ಕುಕ್ಕರಿಸಿ ಕೂತು, ಹೆತ್ತ ಮಗು ಹೋದಂತೆ ಬಿಕ್ಕಳಿಸಿದಳು. ಬೇರೆ ಹುಳು ತಂದುಕೊಡುತ್ತೇನೆಂದು ಎಷ್ಟು ಹೇಳಿದರೂ ಅವಳ ಅಳು ನಿಲ್ಲಲಿಲ್ಲ.

ಅಲ್ಲಿಂದ ನೇರ ಕನಕಪುರಕ್ಕೆ, ತಾಜ್ ಪಾಷಾನ ಗ್ಯಾರೇಜಿಗೆ. ಹೋಗಿ ನೋಡಿದರೆ ಅಲ್ಲಾಗಲೇ ಇಂಥವೇ ಎರಡು ಬಿಳಿ ಗಾಡಿಗಳು ಬಾನೆಟ್ ತೆರೆದು ನಿಂತಿದ್ದವು. ಒಂದು ಮಾಗಡಿಯದು, ಇನ್ನೊಂದು ಸೋಲೂರಿನದು. ಒಂದರಲ್ಲಿ ಎಳೆತವಿಲ್ಲ, ಇನ್ನೊಂದರಲ್ಲಿ ಇಂಜಿನ್ ಆಯಿಲ್ ತಾರಿನಂತಾಗಿದೆ.

"ಬನ್ನಿ ರಾಜಣ್ಣ, ನಿಮ್ದೊಂದೇ ಬಾಕಿ ಇತ್ತು," ಎಂದ ತಾಜ್ ಪಾಷಾ, ಗ್ರೀಸು ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ. "ಈ ಮಾಡೆಲ್ ತಗೊಂಡೋರ್ದೆಲ್ಲ ಇದೇ ಗೋಳು. ಶೋರೂಮಿಗೋದ್ರೆ ನಿಮ್ಮೂರ ಡೀಸೆಲ್ ಸರಿಯಿಲ್ಲ ಅಂತಾರಂತೆ. ಡೀಸೆಲ್ ಏನ್ ನಮ್ಮತ್ತೆ ಮನೇಲಿ ಕಾಸ್ತಾರಾ?"

ನಗುತ್ತಲೇ ಗಾಡಿಯ ಕೆಳಗೆ ನುಗ್ಗಿದವನು ಹೊರಗೆ ಬರುವಾಗ ನಗುತ್ತಿರಲಿಲ್ಲ.

"ಅಣ್ಣ, ಗಾಡೀಲಿ ತಲೆನೋವು ಬತ್ತದಾ?"

"ಬತ್ತದೆ."

"ಕಣ್ ಮಂಜಾಯ್ತದಾ? ಏನಾದ್ರೂ ಕಂಡಂಗೆ, ಕೇಳ್ದಂಗೆ?"

ಅನಂತರಾಜು ಗಾಡಿಯ ಹಿಂದಿನ ಸೀಟಿನ ಕಡೆ ನೋಡಿದ.

"ಇಂಜಿನ್ ಸರಿಯಾಗಿ ಉರೀತಿಲ್ಲ. ಹೊಗೆ ಹೋಗೋ ಮ್ಯಾನಿಫೋಲ್ಡ್ ಬಿರುಕು ಬಿಟ್ಟೈತೆ, ಸೈಲೆನ್ಸರ್ ಜಾಯಿಂಟು ತೂತು, ಮೇಲೆ ಒದ್ದೆ ತಾಟಿನ ನೀರಿಗೆ ನೆಲದ ತಗಡೂ ತುಕ್ಕು. ಅರ್ಧಂಬರ್ಧ ಉರಿದ ಗ್ಯಾಸೆಲ್ಲ ಒಳಗೇ ಬತ್ತಾ ಐತೆ. ಅದರೊಳಗಿನ ವಿಷಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಕಿಟಕಿ ಮುಚ್ಕೊಂಡು ಓಡಿಸಿದ್ರೆ ಹುಳ ಮೊದ್ಲು ಸಾಯ್ತವೆ, ಆಮೇಲೆ ನೀವು. ಅಲ್ಲಾನ ಮೇಲಾಣೆ, ತಮಾಷೆ ಅಲ್ಲ. ಸಾಮಾನು ಬೆಂಗಳೂರಿಂದ ಬರ್ಬೇಕು, ಒಂದ್ವಾರ ಆಯ್ತದೆ. ಅಲ್ಲೀಗಂಟ ಕಿಟಕಿ ಇಳಿಸ್ದೆ ಗಾಡಿ ಮುಟ್ಬೇಡಿ. ಮನೇಲಿ ಯಾರ್ನೂ ಹತ್ತಿಸ್ಬೇಡಿ."

ಕಿಟಕಿ ಇಳಿಸಿಕೊಂಡು ಅನಂತರಾಜು ಮನೆಗೆ ಬಂದ. ದಾರಿಯುದ್ದಕ್ಕೂ ಗಾಳಿ ಮುಖಕ್ಕೆ ರಾಚಿತು. ಕನ್ನಡಿಯಲ್ಲಿ ಖಾಲಿ ಸೀಟು. ಬರೀ ಹೊಗೆಯಂತೆ. ಅಪ್ಪನಲ್ಲ, ಅಪ್ಪನ ದನಿಯಲ್ಲ, ತೂತು ಬಿದ್ದ ತಗಡಿನಿಂದ ಬಂದ ಗ್ಯಾಸಂತೆ. ಪ್ರಾಣ ಉಳಿಯಿತಲ್ಲ ಎಂದು ದೇವರಿಗೆ ಕೈಮುಗಿಯಬೇಕಾದವನು, ಎರಡನೇ ಸಲ ಅಪ್ಪನನ್ನು ಕಳೆದುಕೊಂಡವನಂತೆ ಊಟ ಬಿಟ್ಟು ಮಲಗಿದ. ಹೆಂಡತಿ ಪ್ರತಿಮಾ ಏನಾಯಿತೆಂದು ಕೇಳಿದರೆ, ಗ್ಯಾಸು ಎಂದ. ಅವಳು ಹೊಟ್ಟೆಯದೆಂದುಕೊಂಡು ಓಂಕಾಳು ತಂದುಕೊಟ್ಟಳು.

ಮಾರನೇ ದಿನ ಬೆಳಿಗ್ಗೆ ಏನು ಮಾಡಿದ ಗೊತ್ತೇ? ಹುಳು ಇಲ್ಲ, ಟ್ರೇ ಇಲ್ಲ, ಹೋಗಬೇಕಾದ ಊರೂ ಇಲ್ಲ. ಗಾಡಿ ಹತ್ತಿ, ಕಿಟಕಿಗಳನ್ನೆಲ್ಲ ಏರಿಸಿ, ಸುಮ್ಮನೆ ಹಾರೋಹಳ್ಳಿ ರಸ್ತೆಯಲ್ಲಿ ಓಡಿಸಿದ. ಹುಚ್ಚು ಅನ್ನಿ. ನಾನೂ ಅದನ್ನೇ ಅನ್ನುತ್ತೇನೆ. ಹೊಗೆಯಾದರೆ ಹೊಗೆ, ಅದರೊಳಗಾದರೂ ಅಪ್ಪ ಇದ್ದಾನಲ್ಲ ಎಂಬುದು ಅವನ ಲೆಕ್ಕ.

ಅಪ್ಪ ಬಂದ. ಅವರ ತೋಟವಿದ್ದ ಜಾಗದಲ್ಲಿ ಈಗ ಪೈಪು ಮಾಡುವ ಕಾರ್ಖಾನೆಯ ನೀಲಿ ಶೀಟಿನ ಗೋಡೆ. ಅದರ ಮುಂದೆ ಹೋಗುವಾಗ ಮುದುಕ ತುಂಬಾ ಹೊತ್ತು ಆ ಗೋಡೆಯನ್ನೇ ನೋಡಿದ. ಆಮೇಲೆ ಪಕ್ಕದ ಖಾಲಿ ಸೀಟಿನ ಕಡೆ ತಿರುಗಿ, "ಏನಮ್ಮೀ, ಅವನಿಗೊಂದ್ ಮಾತು ಹೇಳ್ಬೇಕಾಗಿತ್ತು," ಎಂದ. ಹೆಂಡತಿ ಪಕ್ಕದಲ್ಲಿಲ್ಲದೆ ಆ ಮಾತು ಹೇಳುವುದು ಯಾರಿಗೆ?

"ಏನಪ್ಪ? ಏನು ಹೇಳ್ಬೇಕಿತ್ತು? ನಂಗೇ ಹೇಳು, ಇಲ್ಲೇ ಇವ್ನಿ!" ಅನಂತರಾಜು ಕೂಗಿದ. ಅಪ್ಪ ಖಾಲಿ ಸೀಟನ್ನೇ ನೋಡುತ್ತ ಕಾದ. ಎದುರಿನಿಂದ ಬಂದ ಲಾರಿಯವನು ಹಾರನ್ ಒತ್ತಿ, ಬಾಯಿಗೆ ಬಂದಂತೆ ಬೈದುಕೊಂಡು ಹೋದ ಮೇಲೆಯೇ ಅನಂತರಾಜುವಿಗೆ ತಾನು ರಸ್ತೆಯ ಆ ಬದಿಯಲ್ಲಿದ್ದೇನೆಂದು ತಿಳಿದದ್ದು.

ಮೂರು ದಿನ ಆ ಒಂದೇ ಮಾತು ತಲೆ ಕೊರೆಯಿತು. ಅವ್ವನನ್ನು ಆ ಸೀಟಿನಲ್ಲಿ ಕೂರಿಸಿದರೆ ಅಪ್ಪ ಹೇಳುತ್ತಾನೆ. ಒಂದೇ ಸಲ. ಬರೀ ಒಂದೇ ಸಲ. ಛೆ, ಹೆತ್ತವಳನ್ನು ಎಂದು ಮನಸ್ಸು ಉಗಿಯುತ್ತಿತ್ತು. ಸ್ವಲ್ಪ ಹೊತ್ತಲ್ಲವೇ, ಹುಷಾರಾಗಿ ನೋಡಿಕೊಂಡರಾಯಿತು ಎಂದು ಅದೇ ಮನಸ್ಸು ಸಮಾಧಾನ ಹೇಳುತ್ತಿತ್ತು. ಶುಕ್ರವಾರ ತಾಜ್ ಪಾಷಾ ಫೋನು ಮಾಡಿದ. ಸಾಮಾನು ಬಂದಿದೆ, ಗಾಡಿ ತನ್ನಿ ಎಂದ. ಸೋಮವಾರ ತರುತ್ತೇನೆ ಎಂದ ಅನಂತರಾಜು. ಇವತ್ತೇ ತನ್ನಿ ಎಂದ ಪಾಷಾ. ಅನಂತರಾಜು ಫೋನು ಇಟ್ಟುಬಿಟ್ಟ.

ಶನಿವಾರ ಬೆಳಿಗ್ಗೆ ಅವ್ವನನ್ನು ಕೇಳಿದ. "ಕಣ್ಣು ಮಂಜು ಅಂತಿದ್ಯಲ್ಲವ್ವ, ಕನಕಪುರಕ್ಕೋಗಿ ತೋರಿಸ್ಕೊಂಡ್ ಬರಣ?"

ಹೆಣ ತಂದ ದಿನದಿಂದ ವೆಂಕಟಲಕ್ಷ್ಮಮ್ಮನೂ ಆ ಗಾಡಿ ಹತ್ತಿರಲಿಲ್ಲ. ಬರುವುದಿಲ್ಲ ಎನ್ನುತ್ತಾಳೆಂದು ಅವನು ಅರ್ಧ ಆಸೆಪಟ್ಟಿದ್ದ. ಅವಳು ಮಗನ ಮುಖವನ್ನು ಒಂದು ಗಳಿಗೆ ನೋಡಿದಳು. "ಬತ್ತೀನಿ ತಡಿ," ಎಂದು ಒಳಗೆ ಹೋಗಿ, ಪೆಟ್ಟಿಗೆಯಲ್ಲಿದ್ದ ಒಳ್ಳೆ ಸೀರೆ ಉಟ್ಟುಕೊಂಡು ಬಂದಳು. ಕಣ್ಣು ತೋರಿಸಲು ಹೋಗುವುದಕ್ಕೆ ಅಷ್ಟು ಒಳ್ಳೆ ಸೀರೆ ಯಾಕೆಂದು ಪ್ರತಿಮಾ ನಕ್ಕಳು.

ಹೋಗುವಾಗ ಕಿಟಕಿಗಳು ತೆರೆದೇ ಇದ್ದವು. ಏರಿಸುವುದಕ್ಕೆ ಅನಂತರಾಜುವಿನ ಕೈ ಬರಲಿಲ್ಲ. ಡಾಕ್ಟರು ಕಣ್ಣಿಗೆ ಹನಿ ಬರೆದುಕೊಟ್ಟರು. ಬರುವಾಗಲೂ ತೆರೆದೇ ಇದ್ದವು. ಬೇಡ, ಪಾಷಾನ ಗ್ಯಾರೇಜಿಗೆ ಹೋಗಿಬಿಡೋಣ ಎಂದೂ ಒಂದು ಸಲ ಅನ್ನಿಸಿತು. ಗ್ಯಾರೇಜಿನ ತಿರುವು ದಾಟಿಹೋಯಿತು.

ಊರಾಚೆ ಬಂದ ಮೇಲೆ ಹಿಂದಿನಿಂದ ಅವ್ವ ಹೇಳಿದಳು. "ಕಿಟಕಿ ಏರ್ಸು ಮಗ. ಗಾಳಿ ಜಾಸ್ತಿಯಾಯ್ತು."

ಬೇಡವ್ವ ಎನ್ನಬಹುದಾಗಿತ್ತು. ಮೂರಕ್ಷರದ ಮಾತು. ಅನಂತರಾಜು ಬಟನ್ ಒತ್ತಿದ. ಒಂದೊಂದಾಗಿ ಎಲ್ಲ ಕಿಟಕಿಗಳೂ ಮೇಲೆ ಬಂದವು. ಹೊರಗಿನ ಸದ್ದು ನಿಂತಿತು.

ಕಾಲು ಗಂಟೆ. ಇಪ್ಪತ್ತು ನಿಮಿಷ. ಹಣೆ ಬಿಗಿಯಿತು. ಕನ್ನಡಿಯಲ್ಲಿ ನೋಡಿದರೆ ಅವ್ವನ ಪಕ್ಕ ಅಪ್ಪ. ಇಬ್ಬರೂ ಮೈಗೆ ಮೈ ತಾಗಿಸಿ, ಮದುವೆ ಮನೆಗೆ ಹೊರಟವರಂತೆ ಕೂತಿದ್ದರು. ಅವ್ವನ ತುಟಿ ಅಲ್ಲಾಡುತ್ತಿತ್ತು. ಏನೋ ಪಿಸುಗುಡುತ್ತಿದ್ದಳು. ಅಪ್ಪ ತಲೆ ಬಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ. ಅನಂತರಾಜು ಕಿವಿ ನಿಮಿರಿಸಿದ. ಈಗ ಹೇಳುತ್ತಾನೆ. ಈಗ ಅವ್ವನಿಗೆ ಹೇಳುತ್ತಾನೆ, ಅವ್ವ ತನಗೆ ಹೇಳುತ್ತಾಳೆ. ಅವ್ವನ ತಲೆ ನಿಧಾನವಾಗಿ ಕಿಟಕಿಯ ಗಾಜಿಗೆ ವಾಲಿತು. ಪಿಸುಮಾತು ನಿಂತಿತು.

ಅಪ್ಪ ಹೆಂಡತಿಯ ಮುಖ ನೋಡಿದ. ಆಮೇಲೆ, ಹನ್ನೊಂದು ತಿಂಗಳು ಮತ್ತು ಏಳು ತಿಂಗಳಾದ ಮೇಲೆ, ತಲೆಯೆತ್ತಿ ಕನ್ನಡಿಯೊಳಗೆ ನೇರ ಮಗನ ಕಣ್ಣಿಗೆ ಕಣ್ಣಿಟ್ಟ.

"ಅನಂತ," ಎಂದ. "ನಿಲ್ಸ್ಲಾ ಗಾಡಿಯ. ನಿಮ್ಮವ್ವನ್ನ ನೋಡ್ಲಾ."

ಹೇಳಲು ನಾಲಿಗೆ ಹಿಂಜರಿಯುತ್ತದೆ, ಆದರೂ ಹೇಳಲೇಬೇಕು. ಒಂದು ಗಳಿಗೆ ಅನಂತರಾಜು ನಿಲ್ಲಿಸಲಿಲ್ಲ. ತನ್ನ ಹೆಸರು ಕೇಳಿದ್ದ. ಇನ್ನೊಂದು ಸಲ ಕರೆಯಲಿ ಎಂದು ಕಾದ. ಕನ್ನಡಿಯಲ್ಲಿ ಅಪ್ಪನ ಬಾಯಿ ಮತ್ತೆ ತೆರೆಯಿತು, ದನಿ ಮಾತ್ರ ಬರಲಿಲ್ಲ. ಆಗ ಅವನಿಗೆ ಅವ್ವ ಕಂಡಳು. ಗಾಜಿಗೆ ಒತ್ತಿದ ಕೆನ್ನೆ, ಅರೆತೆರೆದ ಕಣ್ಣು, ಮಡಿಲಲ್ಲಿ ಮಗುಚಿಬಿದ್ದ ಅಂಗೈ.

ಬ್ರೇಕಿಗೆ ಗಾಡಿ ಕಿರುಚಿಕೊಂಡು ಹೊಂಗೆ ಮರದ ಬುಡದಲ್ಲಿ ನಿಂತಿತು. ಅವನ ಕಾಲಿಗೂ ಬಲವಿರಲಿಲ್ಲ. ಬಾಗಿಲು ತೆರೆದವನು ಕೆಳಗೆ ಬಿದ್ದ, ಎದ್ದ, ಹಿಂದಿನ ಬಾಗಿಲು ಕಿತ್ತು ತೆರೆದ. ಅವ್ವ ಹಗುರವಾಗಿ ಅವನ ಮೇಲೆ ಉರುಳಿದಳು. ಎತ್ತಿಕೊಂಡು ಗಾಳಿ ಬೀಸುವ ಕಡೆಗೆ ಓಡಿ ಹುಲ್ಲಿನ ಮೇಲೆ ಮಲಗಿಸಿದ. "ಅವ್ವ, ಅವ್ವೋ, ಉಸ್ರು ಬುಡವ್ವ, ನಿನ್ ದಮ್ಮಯ್ಯ," ಎಂದು ಕೆನ್ನೆ ತಟ್ಟಿದ, ಅಂಗಾಲು ಉಜ್ಜಿದ, ಬಾಟಲಿಯ ನೀರನ್ನೆಲ್ಲ ಮುಖಕ್ಕೆ ಸುರಿದ. ಹಾರೋಹಳ್ಳಿಗೆ ಹೋಗುವ ಬಸ್ಸೊಂದು ಅವರನ್ನು ದಾಟಿಕೊಂಡು ಹೋಯಿತು.

ಎಷ್ಟು ಹೊತ್ತಾಯಿತೋ. ವೆಂಕಟಲಕ್ಷ್ಮಮ್ಮನ ಎದೆ ಒಮ್ಮೆ ಎದ್ದಿತು. ಕೆಮ್ಮಿದಳು, ಮಗ್ಗುಲಿಗೆ ತಿರುಗಿ ಕಕ್ಕಿದಳು, ಮತ್ತೆ ಕೆಮ್ಮಿದಳು. ಕಣ್ಣು ಬಿಟ್ಟಾಗ ಮಗ ಮಂಡಿಯೂರಿ, ಅವಳ ಪಾದ ಹಿಡಿದು ಅಳುತ್ತಿದ್ದ.

"ನಂಗೊತ್ತಿತ್ತು ಕಣವ್ವ," ಎಂದ. "ಒಳಕ್ಕೆ ಗ್ಯಾಸ್ ಬತ್ತದೆ ಅಂತ ಗೊತ್ತಿದ್ದೂ ನಿನ್ನ ಕೂರಿಸ್ಕೊಂಡೆ. ಅಪ್ಪ ಕಾಣ್ತದೆ ಅಂತ. ನಿನ್ ಕೈಲಾದ್ರೂ ನಂಗೊಂದ್ ಮಾತು ಹೇಳ್ತದೆ ಅಂತ. ನಾನ್ ಪಾಪಿ ಕಣವ್ವ, ಒದಿ ನನ್ನ."

ಅವಳು ಒದೆಯಲಿಲ್ಲ. ಉಸಿರು ಹದಕ್ಕೆ ಬರುವತನಕ ಆಕಾಶ ನೋಡುತ್ತ ಮಲಗಿದ್ದಳು.

"ಪಾಷಾ ಮನೆಗೂ ಫೋನ್ ಮಾಡಿದ್ದ," ಎಂದಳು. "ನಿನ್ನೆ ಮಧ್ಯಾಹ್ನ. ನೀನು ಫೋನ್ ಇಟ್ಬುಟ್ಟೆ ಅಂತ. ನಾನೇ ಎತ್ಕೊಂಡೆ. ಎಲ್ಲಾನೂವೆ ಹೇಳ್ದ. ಯಾರೂ ಹತ್ಬೇಡಿ, ಕಿಟಕಿ ಮುಚ್ಚಿದ್ರೆ ಸತ್ತೋಗಿರೋರೆಲ್ಲ ಕಾಣ್ತಾರೆ, ಆಮೇಲೆ ನಾವೂ ಓಯ್ತೀವಿ ಅಂದ."

ಅನಂತರಾಜು ಅವ್ವನ ಪಾದದಿಂದ ತಲೆಯೆತ್ತಿದ. "ಮತ್ತ್ಯಾಕವ್ವ ಬಂದೆ? ಕಿಟಕಿ ಏರ್ಸು ಅಂತ ಯಾಕಂದೆ?"

"ಇನ್ಯಾಕ್ಲಾ?" ವೆಂಕಟಲಕ್ಷ್ಮಮ್ಮ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. "ನನ್ ಕೈಲಿ ಹೇಳಿ ಕಳ್ಸಿದ್ದು ಸಾಕು, ಇದೊಂದ್ಸಲ ಮಗನ್ನ ನೀವೇ ಮಾತಾಡ್ಸಿ ಅಂತ ಅವರ್ನ ಕೇಳಕ್ ಬಂದೆ. ಕೇಳ್ದೆ ಕಣಪ್ಪ. ಕೈ ಹಿಡ್ಕೊಂಡ್ ಕೇಳ್ದೆ. ಆಮೇಲೇನಾಯ್ತೋ ಗೊತ್ತಾಗ್ನಿಲ್ಲ."

ಮೊಣಕೈ ಊರಿ ಎದ್ದು ಕೂತಳು. ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು.

"ಮಾತಾಡಿದ್ರಾ?"

"ಮಾತಾಡ್ತು ಕಣವ್ವ," ಎಂದ ಅನಂತರಾಜು. "ಹೆಸರಿಡಿದು ಕರೀತು."